ಪರದೆಯ ಪದರ, ಕಾಗದದ ಪದರ

ಗ್ರಾಮ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿದ ನಕಾಶೆಗಳನ್ನು ಮಲೆನಾಡಿನ ಜನ ನೋಡಿಯೇ ಇರುತ್ತಾರೆ. ಕಂಪ್ಯೂಟರಿನ ಪರದೆಯಲ್ಲಿ ಅದೇ ನಕಾಶೆಯ ಕಾಡು ಹಸಿರು, ಗದ್ದೆ ಹಳದಿ, ನಿರ್ಬಂಧಿತ ವಲಯ ಕೆಂಪು. ಕಚೇರಿಯ ಕಪ್ಪು-ಬಿಳುಪು ಮುದ್ರಣಯಂತ್ರದಿಂದ ಹೊರಬಂದಾಗ ಮೂರೂ ಒಂದೇ ಬೂದು. ತನ್ನ ಮನೆ ಯಾವ ವಲಯದಲ್ಲಿದೆ ಎಂದು ತಿಳಿಯಲು ಬಂದ ರೈತ ಆ ಬೂದುಬಣ್ಣವನ್ನು ನೋಡಿ, ಪಕ್ಕದವನ ಮಾತು ಕೇಳಿ ಮನೆಗೆ ಹಿಂದಿರುಗುತ್ತಾನೆ. ವದಂತಿ ಹುಟ್ಟಲು ಇಷ್ಟು ಸಾಕು.

ನಕಾಶೆ ಬರೆದವರು ಸುಳ್ಳು ಹೇಳಿಲ್ಲ, ಮುದ್ರಿಸಿದವರು ಏನನ್ನೂ ಮುಚ್ಚಿಟ್ಟಿಲ್ಲ. ಆದರೂ ಪರದೆಯಲ್ಲಿ ಓದಿದವನಿಗೆ ಸಿಕ್ಕ ಮಾಹಿತಿ ಕಾಗದದಲ್ಲಿ ಓದಿದವನಿಗೆ ಸಿಗಲಿಲ್ಲ. ಇಂದು ದಾಖಲೆಗಳು ಪರದೆಯ ಮೇಲೊಂದು, ಕಾಗದದ ಮೇಲೊಂದು ಎಂದು ಎರಡು ಬಾಳು ಬಾಳುತ್ತವೆ. ಈ ಎರಡಕ್ಕೂ ಬೇರೆ ಬೇರೆ ರೂಪ ಕೊಡಬಲ್ಲ ತಂತ್ರವೊಂದು ಎರಡು ದಶಕಗಳಿಂದ ಲಭ್ಯವಿದೆ. ಅದರ ಉಪಯೋಗವನ್ನೂ ಅಪಾಯವನ್ನೂ ಹಳ್ಳಿಯ ಸಂಘಟನೆಗಳು, ವಿಶೇಷವಾಗಿ ಕರಪತ್ರ ಹಾಗೂ ವರದಿಗಳನ್ನು ಸಿದ್ಧಪಡಿಸುವ ವಿದ್ಯಾರ್ಥಿಗಳು ಅರಿಯಬೇಕಾಗಿದೆ.

ಪದರ ಎಂದರೇನು?

ಪಿಡಿಎಫ್ ಎಂಬ ಕಡತದ ಬಗೆಯನ್ನು ಅಡೋಬಿ ಸಂಸ್ಥೆಯು 1993ರಲ್ಲಿ ಹೊರತಂದಿತು. ಯಾವ ಯಂತ್ರದಲ್ಲಿ ತೆರೆದರೂ ಪುಟ ಒಂದೇ ರೀತಿ ಕಾಣಬೇಕೆಂಬುದು ಅದರ ಮೂಲ ಆಶಯ. 2003ರಲ್ಲಿ ಬಂದ ಅದರ 1.5ನೆಯ ಆವೃತ್ತಿಯಲ್ಲಿ ಐಚ್ಛಿಕ ಪದರಗಳಿಗೆ ಅವಕಾಶ ದೊರೆಯಿತು. 2008ರಲ್ಲಿ ಪಿಡಿಎಫ್ ಅಂತರರಾಷ್ಟ್ರೀಯ ಮಾನಕವಾದಾಗ ಈ ಸೌಲಭ್ಯವೂ ಅದರ ಭಾಗವಾಯಿತು.

ಹಿಂದೆ ಭೂಮಾಪಕರು ಮೂಲ ನಕಾಶೆಯ ಮೇಲೆ ಪಾರದರ್ಶಕ ಕಾಗದ ಹಾಸಿ ಹಳ್ಳ-ಕೊಳ್ಳಗಳನ್ನು ಒಂದರಲ್ಲಿ, ರಸ್ತೆಗಳನ್ನು ಇನ್ನೊಂದರಲ್ಲಿ ಗುರುತಿಸುತ್ತಿದ್ದರು. ಬೇಕಾದ ಹಾಳೆಯನ್ನು ಇಟ್ಟು ಬೇಡವಾದದ್ದನ್ನು ಎತ್ತಬಹುದಿತ್ತು. ಪಿಡಿಎಫ್ ಪದರವೂ ಇಂಥದ್ದೇ. ಪುಟದ ಕೆಲವು ಅಂಶಗಳನ್ನು ಒಂದು ಗುಂಪಿಗೆ ಸೇರಿಸಿ, ಆ ಗುಂಪಿಗೆ ಎರಡು ಸೂಚನೆ ಬರೆಯಲಾಗುತ್ತದೆ: ಪರದೆಯಲ್ಲಿ ಕಾಣಬೇಕೇ, ಮುದ್ರಣದಲ್ಲಿ ಬರಬೇಕೇ. ಕಡತವನ್ನು ತೆರೆಯುವ ತಂತ್ರಾಂಶವು ಸಂದರ್ಭಕ್ಕೆ ತಕ್ಕ ಸೂಚನೆಯನ್ನು ಓದಿ ಪದರವನ್ನು ತೋರಿಸುತ್ತದೆ ಅಥವಾ ಬಿಡುತ್ತದೆ.

ಇದಕ್ಕೆ ದುಬಾರಿ ತಂತ್ರಾಂಶವೇ ಬೇಕೆಂದಿಲ್ಲ. ಡೊನಾಲ್ಡ್ ನೂತ್ 1978ರಲ್ಲಿ ರೂಪಿಸಿದ ಟೆಕ್, ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಕಟ್ಟಿದ ಲೇಟೆಕ್ ಅಕ್ಷರಜೋಡಣೆಯ ಮುಕ್ತ ವ್ಯವಸ್ಥೆಗಳು. 2004ರಲ್ಲಿ ಬಂದ ಜೀಟೆಕ್‌ನಿಂದ ಯೂನಿಕೋಡ್ ಕನ್ನಡವನ್ನೂ ಅದರಲ್ಲಿ ಸರಾಗವಾಗಿ ಜೋಡಿಸಬಹುದಾಯಿತು. ಲೇಟೆಕ್‌ಗೆ ಸೇರಿಸಿಕೊಳ್ಳುವ ಒಸಿಜಿಎಕ್ಸ್2 ಎಂಬ ಪ್ಯಾಕೇಜ್ ಪದರಗಳನ್ನು ರಚಿಸುತ್ತದೆ. ಬರೆಹದ ಒಂದು ಭಾಗದ ಆದಿ-ಅಂತ್ಯಗಳನ್ನು ಗುರುತಿಸಿ, ಮುದ್ರಣದಲ್ಲಿ ಸದಾ ಬೇಕು, ಎಂದೂ ಬೇಡ, ಪರದೆಯಲ್ಲಿ ಕಾಣುತ್ತಿದ್ದರೆ ಮಾತ್ರ ಬೇಕು ಎಂಬ ಮೂರರಲ್ಲಿ ಒಂದನ್ನು ಸೂಚಿಸಿದರೆ ಸಾಕು. ಪದವಿ ತರಗತಿಯ ವಿದ್ಯಾರ್ಥಿಯೊಬ್ಬ ಒಂದೆರಡು ದಿನಗಳಲ್ಲಿ ಕಲಿಯಬಹುದಾದ ವಿದ್ಯೆ ಇದು.

ತೋಟಕ್ಕೆ ಬರುವ ಕರಪತ್ರ

ಅಡಿಕೆಯ ಕೊಳೆರೋಗದ ಕುರಿತ ಕರಪತ್ರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪರದೆಯಲ್ಲಿ ಓದುವವನಿಗೆ ರೋಗ ತಗುಲಿದ ಕಾಯಿಯ ಬಣ್ಣದ ಛಾಯಾಚಿತ್ರ ಬಹಳ ಉಪಯುಕ್ತ. ನೀರಿನಲ್ಲಿ ನೆನೆದಂತಿರುವ ಕಲೆ, ಕಡುಹಸಿರಿಗೆ ತಿರುಗಿದ ಸಿಪ್ಪೆ, ಮೇಲೆ ಹಬ್ಬಿದ ಬಿಳಿಯ ಬೂಸ್ಟು ಅದರಲ್ಲಿ ಸ್ಪಷ್ಟ. ಅದೇ ಚಿತ್ರವನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿದರೆ ಕಪ್ಪು ಮುದ್ದೆಯಾಗುತ್ತದೆ, ಶಾಯಿಯೂ ವ್ಯರ್ಥ. ಮುದ್ರಣದ ಪದರದಲ್ಲಿ ಅದರ ಬದಲಿಗೆ ಸ್ಪಷ್ಟವಾದ ರೇಖಾಚಿತ್ರ ಇರಬಹುದು. ಒತ್ತಿದರೆ ಇನ್ನೊಂದು ಪುಟಕ್ಕೆ ಒಯ್ಯುವ ಗುಂಡಿ ಕಾಗದಕ್ಕೆ ಬೇಡ. ಆ ಜಾಗದಲ್ಲಿ ಸಿಂಪರಣೆಯ ದಿನಾಂಕ ಬರೆದುಕೊಳ್ಳಲು ಖಾಲಿ ಗೆರೆಗಳಿದ್ದರೆ ರೈತನಿಗೆ ಪ್ರಯೋಜನ.

ನಕಾಶೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಪರದೆಯ ಪದರದಲ್ಲಿ ವಲಯಗಳಿಗೆ ಬಣ್ಣವಿರಲಿ. ಮುದ್ರಣದ ಪದರದಲ್ಲಿ ಓರೆಗೆರೆ, ಚುಕ್ಕಿ, ಅಡ್ಡಗೆರೆಗಳಿರಲಿ. ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಸಂಸ್ಥೆಯು 2009ರಿಂದ ತನ್ನ ಸ್ಥಳವಿವರ ನಕಾಶೆಗಳನ್ನು ಪದರಗಳಿರುವ ಪಿಡಿಎಫ್ ರೂಪದಲ್ಲಿ ಉಚಿತವಾಗಿ ನೀಡುತ್ತಿದೆ. ಸಮೋನ್ನತಿ ರೇಖೆ, ಜಲಮೂಲ, ರಸ್ತೆ, ವೈಮಾನಿಕ ಛಾಯಾಚಿತ್ರ ಇವುಗಳನ್ನು ಓದುಗನೇ ಬೇಕಾದಂತೆ ತೆರೆದು ಮುಚ್ಚಬಹುದು. ನೀರಿನ ಜಾಡನ್ನಷ್ಟೇ ನೋಡಬೇಕಾದ ರೈತ ಅದನ್ನಷ್ಟೇ ನೋಡಬಲ್ಲ.

ಎರಡು ಬೇರೆ ಬೇರೆ ಕಡತಗಳನ್ನೇ ಮಾಡಿದರಾಯಿತಲ್ಲ ಎಂಬ ಪ್ರಶ್ನೆ ಸಹಜ. ಸರಳ ಮಾರ್ಗವೇನೋ ಹೌದು. ಆದರೆ ತಿದ್ದುಪಡಿಯ ಹೊತ್ತಿನಲ್ಲಿ ತೊಡಕು ಹುಟ್ಟುತ್ತದೆ. ಒಂದರಲ್ಲಿ ಪ್ರಮಾಣ ತಿದ್ದಿ ಇನ್ನೊಂದರಲ್ಲಿ ಮರೆತರೆ ಊರಲ್ಲಿ ಎರಡು ಬಗೆಯ ಸಲಹೆ ಓಡಾಡುತ್ತದೆ. ಒಂದೇ ಕಡತದಲ್ಲಿ, ಪದರಗಳಾಚೆಗಿನ ಸಾಮಾನ್ಯ ಭಾಗದಲ್ಲಿ ಮುಖ್ಯ ವಿಷಯವಿದ್ದರೆ ಒಮ್ಮೆ ತಿದ್ದಿದ್ದು ಎರಡೂ ಕಡೆ ತಿದ್ದಿದಂತೆ.

ಮುಖ್ಯ ವಿಷಯವೇ ಪದರದೊಳಕ್ಕೆ ಸೇರಿದರೆ ಈ ಅನುಕೂಲ ಉಳಿಯದು. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು. ಎರಡನ್ನೂ ಐವತ್ತೈವತ್ತು ಲೀಟರಿನಲ್ಲಿ ಬೇರೆಬೇರೆಯಾಗಿ ಕಲಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕದಡಬೇಕು. ಕಬ್ಬಿಣದ ಪಾತ್ರೆ ಕೂಡದು. ಹೊಳಪಿನ ಚಾಕುವನ್ನು ಅದ್ದಿ ನೋಡಿದಾಗ ತಾಮ್ರದ ಕೆಂಪು ಅಂಟಿದರೆ ಇನ್ನಷ್ಟು ಸುಣ್ಣ ಬೇಕು. ಈ ಕಡೆಯ ಪರೀಕ್ಷೆಯ ಮಾತು ಚಿತ್ರದ ಕೆಳಗಿನ ಟಿಪ್ಪಣಿಯಾಗಿ ಪರದೆಯ ಪದರದಲ್ಲಷ್ಟೇ ಉಳಿಯಿತೆಂದು ಊಹಿಸೋಣ. ಮುದ್ರಿತ ಹಾಳೆ ಹಿಡಿದು ತೋಟಕ್ಕೆ ಹೋದವನಿಗೆ ಅದು ತಿಳಿಯದು. ಸುಣ್ಣ ಸಾಲದ ದ್ರಾವಣ ಹಿಂಗಾರವನ್ನೂ ಎಳೆಗಾಯಿಯನ್ನೂ ಸುಡುತ್ತದೆ. ನಷ್ಟ ಕಾಗದ ಓದಿದವನದು.

ಮರೆಯಾದದ್ದು ಅಳಿದಿರುವುದಿಲ್ಲ

ಎರಡನೆಯ ಅಪಾಯ ಇನ್ನೂ ಸೂಕ್ಷ್ಮವಾದುದು. ಪದರವನ್ನು ಮುಚ್ಚುವುದೆಂದರೆ ಅಳಿಸುವುದಲ್ಲ. ಕಾಣದ ಪದರದ ಪ್ರತಿ ಅಕ್ಷರವೂ ಕಡತದೊಳಗೆ ಇದ್ದೇ ಇರುತ್ತದೆ. ತುಸು ತಿಳಿದವರು ಯಾರಾದರೂ ಅದನ್ನು ತೆರೆದು ಓದಬಹುದು.

ಪರಿಸರ ಸಂಘಟನೆಗಳಿಗೆ ಇದು ದೂರದ ಸಂಗತಿಯಲ್ಲ. ಜೀವವೈವಿಧ್ಯ ದಾಖಲಾತಿಯಲ್ಲಿ ಅಪರೂಪದ ಸೀತಾಳೆಗಿಡ ಎಲ್ಲಿದೆ, ಔಷಧಿ ಸಸ್ಯ ಯಾವ ಬೆಟ್ಟದಲ್ಲಿ ಉಳಿದಿದೆ ಎಂಬ ವಿವರಗಳಿರುತ್ತವೆ. ಅಕ್ರಮ ಮರಳುಗಾರಿಕೆಯ ವರದಿಯಲ್ಲಿ ಮಾಹಿತಿ ಕೊಟ್ಟವರ ಹೆಸರಿರುತ್ತದೆ. ಅವನ್ನು ಮುದ್ರಣಕ್ಕೆ ಬಾರದ ಪದರದಲ್ಲಿಟ್ಟು ‘ಮುಚ್ಚಿದ್ದಾಯಿತು’ ಎಂದು ಕಡತವನ್ನು ಹತ್ತು ಜನರಿಗೆ ಕಳುಹಿಸಿದರೆ, ಗಿಡ ಕೀಳುವವನ ಕೈಗೂ ಮರಳು ಸಾಗಿಸುವವನ ಕೈಗೂ ಅದನ್ನು ಒಪ್ಪಿಸಿದಂತೆಯೇ. ಗುಟ್ಟಾಗಿರಬೇಕಾದದ್ದು ಹೊರಗೆ ಕಳುಹಿಸುವ ಕಡತದಲ್ಲಿ ಇರಲೇಕೂಡದು.

ಕಾಣದ ಅಂಶಗಳನ್ನು ಬಳಸಿ ವಂಚಿಸಲೂ ಸಾಧ್ಯವೆಂಬುದು ಸಿದ್ಧವಾಗಿದೆ. ಜರ್ಮನಿಯ ಬೋಖುಮ್ ನಗರದ ರೂರ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ‘ನೆರಳು ದಾಳಿ’ ಎಂದು ಕರೆದ ವಿಧಾನವನ್ನು ಬಯಲಿಗೆ ತಂದರು. ಸಹಿ ಹಾಕುವವನಿಗೆ ಒಂದು ಬರೆಹ ಕಾಣುತ್ತದೆ. ಅದರ ಹಿಂದೆ ಇನ್ನೊಂದು ಅಡಗಿರುತ್ತದೆ. ಡಿಜಿಟಲ್ ಸಹಿ ಬಿದ್ದ ಬಳಿಕ ಅಡಗಿದ್ದು ಮುಂದೆ ಬಂದರೂ ಹಲವು ತಂತ್ರಾಂಶಗಳು ಸಹಿ ಕ್ರಮಬದ್ಧವೆಂದೇ ತೋರಿಸಿದವು. ದೀರ್ಘಕಾಲ ಕಾಪಿಡುವ ದಾಖಲೆಗಳಿಗಾಗಿ 2005ರಲ್ಲಿ ರೂಪುಗೊಂಡ ಪಿಡಿಎಫ್-ಎ ಮಾನಕದ ಮೊದಲ ಭಾಗದಲ್ಲಿ ಐಚ್ಛಿಕ ಪದರಗಳಿಗೆ ಅವಕಾಶವೇ ಇರಲಿಲ್ಲ. 2011ರ ಎರಡನೆಯ ಭಾಗದಲ್ಲಿ ಅವಕಾಶ ನೀಡಲಾಯಿತು.

ಮೂರನೆಯದು ತಂತ್ರಾಂಶಗಳ ಮಿತಿ. ಎಲ್ಲ ಓದುಗ ತಂತ್ರಾಂಶಗಳೂ ಪದರದ ಸೂಚನೆಗಳನ್ನು ಪಾಲಿಸುವುದಿಲ್ಲ. ಮೊಬೈಲಿನಲ್ಲಿ ತೆರೆದಾಗ ಮುದ್ರಣದ ರೇಖಾಚಿತ್ರವೂ ಪರದೆಯ ಛಾಯಾಚಿತ್ರವೂ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರವಾಗಬಹುದು. ಯಾರೋ ಪರದೆಯ ಚಿತ್ರ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಹಂಚಿದರೆ ಮುದ್ರಣದ ಪದರ ಅಲ್ಲಿಗೇ ಮುಗಿಯಿತು.

ಕಾಗದ ಓದುವವರು ಯಾರು?

ಬೆಟ್ಟದೂರುಗಳಲ್ಲಿ ಕಾಗದವನ್ನೇ ನಂಬಿದವರು ಯಾರೆಂದು ಯೋಚಿಸಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಸಿಗ್ನಲ್ ಬಾರದ ಕಣಿವೆಯ ಮನೆಯವರು, ವಯಸ್ಸಾದವರು, ಸ್ವಂತ ಫೋನಿಲ್ಲದ ಹೆಂಗಸರು, ಕೂಲಿಕಾರರು. ಯೋಜನೆಗಳಿಂದ ಮೊದಲು ನಲುಗುವವರೂ ಹೆಚ್ಚಾಗಿ ಇವರೇ.

2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯು ಸಾರ್ವಜನಿಕ ಅಹವಾಲಿಗೆ ಮುನ್ನ ಕರಡು ವರದಿಯ ಕಾಗದದ ಪ್ರತಿ ಹಾಗೂ ಗಣಕ ಪ್ರತಿ ಎರಡನ್ನೂ ಸಲ್ಲಿಸಬೇಕೆಂದೂ, ಸಾರಾಂಶವು ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಯಲ್ಲಿರಬೇಕೆಂದೂ ವಿಧಿಸಿತು. ಎರಡು ಪ್ರತಿಗಳೂ ಒಂದೇ ಎಂಬ ನಂಬಿಕೆಯ ಮೇಲೆ ಈ ವ್ಯವಸ್ಥೆ ನಿಂತಿದೆ. ಆ ನಂಬಿಕೆಯನ್ನು ಪದರಗಳು ಸದ್ದಿಲ್ಲದೆ ಕೆಡಿಸಬಲ್ಲವು.

ಪಶ್ಚಿಮಘಟ್ಟದ ಅನುಭವವೂ ಕಣ್ಣ ಮುಂದಿದೆ. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ತಜ್ಞರ ಸಮಿತಿ 2011ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿ ಸಾರ್ವಜನಿಕರಿಗೆ ಲಭ್ಯವಾದದ್ದು 2012ರ ಮೇ ತಿಂಗಳಲ್ಲಿ. ಸುಮಾರು 9 ಕಿ.ಮೀ. ಉದ್ದಗಲದ ಚೌಕಗಳಾಗಿ ಘಟ್ಟವನ್ನು ವಿಂಗಡಿಸಿ, ಮೂರು ಸೂಕ್ಷ್ಮವಲಯಗಳನ್ನು ಅದು ಸೂಚಿಸಿತ್ತು. ಇಂಗ್ಲಿಷ್ ವರದಿಯನ್ನು ಓದಿದವರು ಕಡಿಮೆ. ಅದರ ಬಗ್ಗೆ ಕೇಳಿ ಬೆದರಿದವರು ಹೆಚ್ಚು. ಬಣ್ಣದ ನಕಾಶೆ ಬಣ್ಣ ಕಾಣದವರ ಕೈ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ವಲಯದ ಗುರುತು ಕಪ್ಪು-ಬಿಳುಪಿನಲ್ಲೂ ಓದುವಂತಿರುವುದು ಅಲಂಕಾರದ ಮಾತಲ್ಲ. ಗ್ರಾಮಸಭೆಯಲ್ಲಿ ತಿಳಿದು ಮಾತಾಡುವ ಹಕ್ಕಿನ ಮಾತು.

ಆಗಬೇಕಾದದ್ದು

ಪದರಗಳನ್ನು ಬಿಟ್ಟುಬಿಡಬೇಕೆಂಬುದು ಇದರ ತಾತ್ಪರ್ಯವಲ್ಲ. ಸರಿಯಾಗಿ ಬಳಸಿದರೆ ಕಾಗದವೂ ಶಾಯಿಯೂ ಉಳಿಯುತ್ತವೆ, ಓದೂ ಸುಗಮವಾಗುತ್ತದೆ. ಆದರೆ ಕೆಲವು ಕಟ್ಟುಪಾಡುಗಳು ಅಗತ್ಯ.

ಸಂಖ್ಯೆ, ಪ್ರಮಾಣ, ದಿನಾಂಕ, ಎಚ್ಚರಿಕೆ, ಗಡಿ ಇವು ಎಂದೂ ಪದರದೊಳಗೆ ಹೋಗಬಾರದು. ಸಾಮಾನ್ಯ ಭಾಗದಲ್ಲೇ ಇರಬೇಕು. ಬಣ್ಣ, ಛಾಯಾಚಿತ್ರ, ಕೊಂಡಿ, ಗುಂಡಿಗಳಿಗಷ್ಟೇ ಪರದೆಯ ಪದರ ಮೀಸಲಾಗಲಿ, ಅರ್ಥವುಳ್ಳ ಪ್ರತಿ ಬಣ್ಣಕ್ಕೂ ಮುದ್ರಣದಲ್ಲಿ ಪ್ರತಿಯಾಗಿ ಗೆರೆಯೋ ಚುಕ್ಕಿಯೋ ಇರಲಿ. ಕಡತದಲ್ಲಿ ಪದರಗಳಿವೆ ಎಂಬ ಒಂದು ಸಾಲು ಮೊದಲ ಪುಟದಲ್ಲೇ ಅಚ್ಚಾಗಲಿ. ಹಂಚುವ ಮುನ್ನ ಒಂದು ಅಗ್ಗದ ಮೊಬೈಲಿನಲ್ಲಿ ತೆರೆದು, ಒಂದು ಕಪ್ಪು-ಬಿಳುಪು ಯಂತ್ರದಲ್ಲಿ ಮುದ್ರಿಸಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು. ಸಾಧ್ಯವಾದರೆ, ಮುದ್ರಿತ ಹಾಳೆಯನ್ನು ಕರಪತ್ರ ಸಿದ್ಧಪಡಿಸದ ಒಬ್ಬ ರೈತನ ಕೈಗೆ ಕೊಟ್ಟು ಅವನಿಗೆ ಏನು ತಿಳಿಯಿತೆಂದು ಕೇಳಬೇಕು. ಸರಕಾರಿ ವರದಿಗಳನ್ನು ಪರಿಶೀಲಿಸುವ ಕಾರ್ಯಕರ್ತರು ಪಿಡಿಎಫ್ ತೆರೆದ ಕೂಡಲೇ ಪದರಗಳ ಪಟ್ಟಿಯನ್ನು ನೋಡುವ ರೂಢಿ ಮಾಡಿಕೊಳ್ಳಬೇಕು. ಕಾಗದದ ಪ್ರತಿಯಲ್ಲಿ ಇಲ್ಲದ್ದು ಅಲ್ಲಿ ಕಂಡರೆ ಅಹವಾಲಿನ ಸಭೆಯಲ್ಲೇ ಅದನ್ನು ಪ್ರಶ್ನಿಸಬೇಕು.

ಮಲೆನಾಡಿನ ಕಾಲೇಜುಗಳಲ್ಲಿ ಕಂಪ್ಯೂಟರ್ ಕಲಿಯುತ್ತಿರುವ ಮಕ್ಕಳಿಗೆ ಇದೊಂದು ಒಳ್ಳೆಯ ಕೆಲಸ. ತಮ್ಮ ಪಂಚಾಯಿತಿಯ ಒಂದು ನಕಾಶೆಯನ್ನು, ತಮ್ಮ ಸಂಘದ ಒಂದು ಕರಪತ್ರವನ್ನು ಎರಡೂ ಬಗೆಯ ಓದುಗರಿಗೆ ನಿಲುಕುವಂತೆ ಅವರು ಜೋಡಿಸಿಕೊಡಲಿ. ಪಂಚಾಯಿತಿಯ ಗೋಡೆಯ ಮುಂದೆ ನಿಂತ ಅಜ್ಜನಿಗೂ ಪಟ್ಟಣದಲ್ಲಿ ಪರದೆ ನೋಡುತ್ತಿರುವ ಮೊಮ್ಮಗನಿಗೂ ಅದೇ ಊರು, ಅದೇ ಗಡಿ, ಅದೇ ಎಚ್ಚರಿಕೆ ಕಾಣುವಂತಾಗಲಿ.