ತಂಪು ಮನೆಗೊಂದು ಪ್ರಮಾಣಪತ್ರ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಹಿರಿಯರ ನುಡಿಯು ರಾಜಧಾನಿಯ ಕನ್ನಡಿಗರಿಗೆ ಅರ್ಧ ಮಾತ್ರ ಅನ್ವಯಿಸುತ್ತದೆ. ಇಲ್ಲಿ ನಾವು ಮನೆ ಕಟ್ಟುವುದು ಅಪರೂಪ. ನೋಯ್ಡಾದಲ್ಲೋ ಗುರುಗ್ರಾಮದಲ್ಲೋ ಅನ್ಯರು ಕಟ್ಟಿದ ಫ್ಲಾಟನ್ನು 20 ವರ್ಷಗಳ ಸಾಲದ ಮೇಲೆ ಕೊಳ್ಳುತ್ತೇವೆ. ಅದರ ಗೋಡೆಯ ಗುಣ ನಮಗೆ ತಿಳಿಯುವುದು ಮೊದಲ ಮೇ ತಿಂಗಳಿನಲ್ಲಿ.

ನಾನು ಕೊಂಡ ಫ್ಲಾಟಿನ ಜಾಹೀರಾತಿನಲ್ಲಿ ‘ಹಸಿರು ಕಟ್ಟಡ’ವೆಂದು ಮುದ್ರಿತವಾಗಿತ್ತು. ಸಾಲ ಕೇಳಿ ಬಂದವರ ಕಾಗದಪತ್ರಗಳನ್ನು ಅಕ್ಷರಶಃ ಪರಿಶೀಲಿಸುವುದು ನನ್ನ ವೃತ್ತಿ. ಆದರೂ ಆ ಎರಡು ಪದಗಳಿಗೆ ಆಧಾರವೇನೆಂದು ನಾನು ಕೇಳಲಿಲ್ಲ. ಮನೆಗೆ ಪಶ್ಚಿಮಾಭಿಮುಖವಾದ, ನೆರಳಿಲ್ಲದ ಗಾಜಿನ ಕಿಟಕಿಗಳು. ಮೇಲೆ ಬಿಸಿಲಿಗೆ ಕಾಯುವ ಬರಿಯ ತಾರಸಿ. ತೀರ್ಥಹಳ್ಳಿಯ ಕಡೆಯ ಹೆಂಚಿನ ಮನೆಯಲ್ಲಿ ಬಾಳಿದ ನನ್ನ ತಾಯಿಯವರು ನಡುರಾತ್ರಿಯಲ್ಲಿ ಗೋಡೆ ಮುಟ್ಟಿ, “ಇನ್ನೂ ಆರಿಲ್ಲವಲ್ಲೋ” ಎನ್ನುತ್ತಿದ್ದರು. ಹಗಲಿನ ಶಾಖದಿಂದ ಬಳಲಿದ ದೇಹಕ್ಕೆ ರಾತ್ರಿಯ ತಂಪು ದೊರೆಯದಿದ್ದರೆ ವೃದ್ಧರ ಹೃದಯಕ್ಕೂ ಮೂತ್ರಪಿಂಡಗಳಿಗೂ ಅಪಾಯ. ಆದುದರಿಂದ ಇದು ಕೇವಲ ವಿದ್ಯುತ್ ಬಿಲ್ಲಿನ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ.

ಕೊಳ್ಳುವವರಿಗೆ ಮಾರ್ಗದರ್ಶನವೇನೂ ಇಲ್ಲದಿಲ್ಲ. 2001ರಲ್ಲಿ ಸ್ಥಾಪಿತವಾದ ಇಂಡಿಯನ್ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್ ವಸತಿ ಕಟ್ಟಡಗಳಿಗೆ ಬೆಳ್ಳಿ, ಚಿನ್ನ, ಪ್ಲಾಟಿನಂ ಮುಂತಾದ ಶ್ರೇಣಿಗಳನ್ನು ನೀಡುತ್ತದೆ. ದೆಹಲಿಯ ಟೆರಿ ಸಂಸ್ಥೆಯು ರೂಪಿಸಿದ ‘ಗೃಹ’ ಪದ್ಧತಿಯಲ್ಲಿ ಒಂದರಿಂದ ಐದು ನಕ್ಷತ್ರಗಳುಂಟು. 2018ರಲ್ಲಿ ಕೇಂದ್ರ ಸರ್ಕಾರವು ಹೊರತಂದ ‘ಇಕೋ ನಿವಾಸ್ ಸಂಹಿತಾ’ದ ಪ್ರಕಾರ, ದೆಹಲಿಯಂತಹ ಹವೆಯಲ್ಲಿ ಗೋಡೆ ಕಿಟಕಿಗಳ ಮೂಲಕ ಒಳಬರುವ ಶಾಖವು ಸರಾಸರಿ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು.

ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ಮೊದಲನೆಯದು, ಪ್ರಮಾಣಪತ್ರವು ಕಟ್ಟಡಕ್ಕೆ ಸಲ್ಲುತ್ತದೆಯೇ ಹೊರತು ಬಿಲ್ಡರನಿಗಲ್ಲ. ಅವನ ಗುರುಗ್ರಾಮದ ಕಟ್ಟಡಕ್ಕೆ ಚಿನ್ನದ ಶ್ರೇಣಿ ದೊರೆತರೆ ನೋಯ್ಡಾದ ಕಟ್ಟಡ ಪಾವನವಾಗದು. ಎರಡನೆಯದು, ನಕ್ಷೆಯನ್ನು ನೋಡಿ ಕೊಡುವ ಪೂರ್ವ ಪ್ರಮಾಣಪತ್ರ ಬೇರೆ, ಕಟ್ಟಿ ಮುಗಿದ ಮೇಲೆ ಪರಿಶೀಲಿಸಿ ಕೊಡುವ ಅಂತಿಮ ಪ್ರಮಾಣಪತ್ರ ಬೇರೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಮಂಜೂರಾತಿ ಪತ್ರ ಕೈಗೆ ಬಂದ ಮಾತ್ರಕ್ಕೆ ಹಣ ಖಾತೆಗೆ ಬಂದಂತಾಗದು. ಜಾಹೀರಾತುಗಳಲ್ಲಿ ಮೆರೆಯುವುದು ಬಹುಪಾಲು ಮೊದಲಿನದೇ. ಆದ್ದರಿಂದ ಕಟ್ಟಡದ ಹೆಸರು, ಶ್ರೇಣಿ, ದಿನಾಂಕಗಳನ್ನು ಕೇಳಿ ಪಡೆದು, ಪ್ರಮಾಣಪತ್ರವಿತ್ತ ಸಂಸ್ಥೆಯ ಪಟ್ಟಿಯೊಡನೆ ತಾಳೆ ನೋಡಬೇಕು. ಮಂಜೂರಾದ ನಕ್ಷೆಯನ್ನು ಆಯಾ ರಾಜ್ಯದ ರೇರಾ ಪ್ರಾಧಿಕಾರದ ದಾಖಲೆಗಳಲ್ಲಿ ಪರಿಶೀಲಿಸಬೇಕು. ಬಳಿಕ ಬೇಸಿಗೆಯ ಅಪರಾಹ್ನ ನಾಲ್ಕು ಗಂಟೆಗೆ ಖುದ್ದಾಗಿ ಹೋಗಿ ಪಶ್ಚಿಮದ ಗೋಡೆಯನ್ನು ಮುಟ್ಟಿ ನೋಡಬೇಕು.

ಇಂತಹ ಕಟ್ಟಡ ಇಲ್ಲಿ ಅಸಾಧ್ಯವೆಂದಲ್ಲ. ಜೋರ್‌ಬಾಗಿನಲ್ಲಿ 2014ರಲ್ಲಿ ಉದ್ಘಾಟನೆಗೊಂಡ ಇಂದಿರಾ ಪರ್ಯಾವರಣ ಭವನವು ಕಚೇರಿಯೇ ಆದರೂ, ನಡುವೆ ವಿಶಾಲವಾದ ಅಂಗಳವನ್ನಿರಿಸಿಕೊಂಡು ಗಾಳಿ ಬೆಳಕುಗಳನ್ನು ಬರಮಾಡಿಕೊಳ್ಳುತ್ತದೆ. ನಮ್ಮ ತೊಟ್ಟಿ ಮನೆಯ ತತ್ತ್ವವೂ ಇದೇ ಅಲ್ಲವೇ?

ಅಂತಿಮ ಪ್ರಮಾಣಪತ್ರವನ್ನು ಕ್ರಯಪತ್ರದೊಡನೆ ಲಗತ್ತಿಸುವುದು ಕಡ್ಡಾಯವಾಗಬೇಕೆಂಬುದು ನನ್ನ ಅಭಿಪ್ರಾಯ. ಸಾಲ ಕೊಡುವ ನಾವೂ ಅದನ್ನು ಕೇಳಬೇಕು. ಅಲ್ಲಿಯವರೆಗೆ, ಮನೆ ಕೊಂಡ ಸಂಘದ ಸದಸ್ಯರು ತಮ್ಮ ಅನುಭವವನ್ನು ಕೊಳ್ಳಲಿರುವವರಿಗೆ ಮರೆಮಾಚದೆ ತಿಳಿಸಲಿ. ನಾನು ಕೇಳದೆ ಬಿಟ್ಟ ಪ್ರಶ್ನೆಯನ್ನು ನನ್ನ ಕನ್ನಡ ಬಾಂಧವರಾದರೂ ಮುಂಗಡ ಕೊಡುವ ಮುನ್ನ ಕೇಳಲೆಂಬುದೇ ನನ್ನ ವಿಜ್ಞಾಪನೆ.