ಮಿಲಿಟ್ರಿಯವರ ನಿದ್ರೆಗೆ ನಾಲ್ಕಾಣೆ ಕೊಡುವವರು ಯಾರು?

ಕಕ್ಕಿಂಜೆ ಪೇಟೆಗೆ ನಡೆದುಕೊಂಡು ಬರುವವರು ಹೊಸಬರಲ್ಲ. ಶಿವರಾತ್ರಿ ಹತ್ತಿರ ಬಂತೆಂದರೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವ ಪಾದಯಾತ್ರಿಗಳ ಸಾಲು ಈ ರಸ್ತೆಯಲ್ಲೇ. ಬೆಂಗಳೂರು, ಹಾಸನ, ಚಿಕ್ಕಮಗಳೂರು ಕಡೆಯಿಂದ ಹೊರಟವರು. ಕಾಲಲ್ಲಿ ಬೊಕ್ಕೆ, ಹೆಗಲಲ್ಲಿ ಚೀಲ. ದಾರಿಯಲ್ಲಿ ಒಬ್ಬರು ಮಜ್ಜಿಗೆ ಕೊಡುತ್ತಾರೆ, ಇನ್ನೊಬ್ಬರು ಕಲ್ಲಂಗಡಿ ಕೊಯ್ದು ಇಡುತ್ತಾರೆ, ಮತ್ತೊಬ್ಬರು ಜಗಲಿಯಲ್ಲಿ ಮಲಗಲು ಜಾಗ ಬಿಡುತ್ತಾರೆ. ಎಲ್ಲಿಯವರು, ಯಾರ ಮನೆಯವರು ಎಂದು ಕೇಳುವುದೆಲ್ಲ ಆಮೇಲೆ. ಬಸ್ಸಿನಲ್ಲಿ ಬಂದವನಿಗೆ ಸಿಗದ ಮರ್ಯಾದೆ ನಡೆದು ಬಂದವನಿಗೆ ಈ ರಸ್ತೆಯಲ್ಲಿ ಉಂಟು.

ಇದೇ ನಡಿಗೆಯನ್ನು ನಿವೃತ್ತ ಸೈನಿಕರ ಮನಸ್ಸಿನ ಆರೋಗ್ಯಕ್ಕೆ ಹಣ ಕೂಡಿಸಲು ಉಪಯೋಗಿಸಿದರೆ ಹೇಗೆ? ಮಾತು ಕೇಳಿದ ಕೂಡಲೇ ಕೆಲವರಿಗೆ ನಗೆ ಬಂದೀತು. "ಎಂತ ಮಾರಾಯ್ರೆ, ಮಿಲಿಟ್ರಿಯವರಿಗೆ ಪೆನ್ಶನ್ ಉಂಟು, ಕ್ಯಾಂಟೀನು ಉಂಟು, ಇನ್ನು ಮಂಡೆಗೂ ಚಂದಾ ಎತ್ತಬೇಕಾ?" ನಗುವವರು ನಗಲಿ. ಬ್ರಿಟನ್ನಿನಲ್ಲಿ ಇದು ಮಾಮೂಲಿ ಸಂಗತಿ. ಅಲ್ಲಿ 'ಕಾಂಬ್ಯಾಟ್ ಸ್ಟ್ರೆಸ್' ಎಂಬ ಸಂಸ್ಥೆ ಮಾರ್ಚ್ ತಿಂಗಳಲ್ಲಿ ಹತ್ತು ಮೈಲಿ ನಡೆಯಿರಿ ಎಂದು ಜನರನ್ನು ಕರೆದು, ಹಾಗೆ ಕೂಡಿದ ಹಣದಲ್ಲಿ ಮಾಜಿ ಸೈನಿಕರ ಮಾನಸಿಕ ಚಿಕಿತ್ಸೆ ನಡೆಸುತ್ತದೆ. ಸಂಸ್ಥೆ ಹುಟ್ಟಿದ್ದು 1919ರಲ್ಲಿ, ಮೊದಲನೇ ಮಹಾಯುದ್ಧ ಮುಗಿದ ಬೆನ್ನಿಗೆ. ಫಿರಂಗಿ ಸದ್ದಿನಿಂದ ಕೈಕಾಲು ನಡುಗಿ ಬಂದವರನ್ನು ಆಗ ಹೇಡಿಗಳೆಂದು ಬೈದವರೇ ಹೆಚ್ಚು. ಆ ಯುದ್ಧದಲ್ಲಿ ಹೆದರಿದ, ಓಡಿಹೋದ ಎಂಬಂಥ ಆರೋಪ ಹೊರಿಸಿ ತಮ್ಮವರೇ ಗುಂಡಿಟ್ಟು ಕೊಂದ 306 ಸೈನಿಕರಿಗೆ ಅಲ್ಲಿಯ ಸರಕಾರ ಕ್ಷಮೆ ಕೊಟ್ಟದ್ದು 2006ರಲ್ಲಿ. ಅಷ್ಟರಲ್ಲಿ ತೊಂಬತ್ತು ವರ್ಷ ಕಳೆದಿತ್ತು. ಸರಕಾರಿ ಕಡತ ಎಲ್ಲಾ ದೇಶದಲ್ಲೂ ಒಂದೇ ವೇಗದಲ್ಲಿ ಹೋಗುವುದೆಂದು ಕಾಣುತ್ತದೆ.

ಇಲ್ಲಿ ಹೇಗೆ? ಕಕ್ಕಿಂಜೆಯಂಥ ಪೇಟೆಯಲ್ಲಿ ಮಾಜಿ ಸೈನಿಕನ ಹೆಸರು ಎರಡು ಸಂದರ್ಭದಲ್ಲಿ ಕೇಳಿಬರುತ್ತದೆ. ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಶಾಲು ಹೊದಿಸುವಾಗ ಒಮ್ಮೆ. ಕ್ಯಾಂಟೀನ್ ರೇಟಿನ ರಮ್ಮು ಬೇಕಾದಾಗ ಇನ್ನೊಮ್ಮೆ. ಉಳಿದ ದಿನ ಆತ ಬ್ಯಾಂಕಿನ ಬಾಗಿಲ ಕಾವಲುಗಾರ, ಇಲ್ಲವೇ ಅಡಿಕೆ ತೋಟದಲ್ಲಿ ಒಬ್ಬನೇ. ಸಿಪಾಯಿಯಾಗಿ ಸೇರಿದವನು ಹದಿನೈದು ಹದಿನೇಳು ವರ್ಷದ ಸರ್ವಿಸ್ ಮುಗಿಸಿ ಬರುವಾಗ ಮೂವತ್ತೈದು ನಲವತ್ತರ ಪ್ರಾಯ. ಜೊತೆಯವರು ಅಷ್ಟರಲ್ಲಿ ಅಂಗಡಿ ಹಾಕಿ, ಮನೆ ಕಟ್ಟಿ, ಊರಲ್ಲಿ ಬೇರು ಬಿಟ್ಟಿರುತ್ತಾರೆ. ಇವನು ಹೊಸಬ. ಹೆಂಡತಿ ಮಕ್ಕಳಿಗೂ ಅರ್ಧ ಹೊಸಬ. ರಾತ್ರಿ ನಿದ್ರೆ ಬಾರದೆ ಎದ್ದು ಅಂಗಳದಲ್ಲಿ ತಿರುಗಿದರೆ, ಸಣ್ಣ ಮಾತಿಗೆ ಸಿಟ್ಟು ನೆತ್ತಿಗೇರಿದರೆ, ಊರು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತದೆ: "ಅವರ ಮಂಡೆ ಸರಿ ಇಲ್ಲ." ಬಾಟಲಿ ಹಿಡಿದರಂತೂ ಆಯಿತು, ಎಲ್ಲಾ ತಪ್ಪೂ ಬಾಟಲಿಯದ್ದೇ. ಬಾಟಲಿ ಯಾಕೆ ಹಿಡಿದರು ಎಂದು ಕೇಳುವವರಿಲ್ಲ.

ಎಲ್ಲಾ ಮಾಜಿ ಸೈನಿಕರೂ ಹೀಗೆ ಎಂದು ಅರ್ಥವಲ್ಲ. ಹೆಚ್ಚಿನವರು ಊರಿಗೆ ಆಧಾರವಾಗಿಯೇ ಇದ್ದಾರೆ. ಆದರೆ ಹೆದರಿಕೆ ಒಮ್ಮೆ ಮೈಗೆ ಹೊಕ್ಕರೆ ಸುಲಭಕ್ಕೆ ಬಿಡುವುದಿಲ್ಲ ಎಂಬುದನ್ನು ಈ ಊರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಮೃತ್ಯುಂಜಯ ಹೊಳೆ ಉಕ್ಕಿ, ಗುಡ್ಡ ಜರಿದು, ಘಾಟಿ ರಸ್ತೆ ಬಂದಾದದ್ದು ಎಲ್ಲರಿಗೂ ನೆನಪುಂಟು. ಆಮೇಲೆ ಆಷಾಢದ ಜೋರು ಮಳೆ ಹೊಡೆದ ರಾತ್ರಿ ಎದ್ದು ಕೂತವರು ಎಷ್ಟು ಮಂದಿಯೋ. ಅದು ಒಂದು ಮಳೆಗಾಲದ ಕತೆ. ಗಡಿಯಲ್ಲಿ ವರ್ಷಗಟ್ಟಲೆ ಹಾಗೆ ಕಿವಿಗೊಟ್ಟು ಮಲಗಿದವನ ಗತಿ ಏನು?

ವ್ಯವಸ್ಥೆ ಇಲ್ಲವೆಂದಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆ 2003ರಿಂದ ನಡೆಯುತ್ತಿದೆ. ಅದರ ಪಾಲಿಕ್ಲಿನಿಕ್ ಮಂಗಳೂರಿನಲ್ಲಿದೆ. ಟೆಲಿ ಮಾನಸ್ ಎಂಬ ಸರಕಾರಿ ದೂರವಾಣಿ ಸಹಾಯ 2022ರ ಅಕ್ಟೋಬರಿನಿಂದ ಉಂಟು. ನಂಬರು 14416, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸೈನಿಕರಿಗೆ ಮತ್ತು ಅವರ ಮನೆಯವರಿಗೆ ಅದರದ್ದೇ ಒಂದು ಪ್ರತ್ಯೇಕ ಘಟಕ 2023ರ ಡಿಸೆಂಬರಿನಲ್ಲಿ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಶುರುವಾಯಿತು. ಆದರೆ ಕಕ್ಕಿಂಜೆಯಿಂದ ಮಂಗಳೂರಿಗೆ ಹೋಗಿ ಬಂದರೆ ಒಂದು ದಿನ ಹೋಯಿತು. ಬಸ್ ಚಾರ್ಜು, ಊಟ, ಜೊತೆಗೆ ಬಂದವರ ಕೂಲಿ ಬೇರೆ. ಮಂಡೆಯ ಮದ್ದಿಗೆ ಒಂದು ಸಲ ಹೋದರೆ ಸಾಲದು, ತಿಂಗಳು ತಿಂಗಳು ಹೋಗಬೇಕು. ಒಬ್ಬನೇ ಹೋಗು ಎಂದರೆ ಆತ ಬಿ.ಸಿ. ರೋಡಿನಲ್ಲೇ ಇಳಿದು ವಾಪಸ್ ಬಂದಾನು.

ನಡಿಗೆಯ ಹಣ ಬೇಕಾದದ್ದು ಅಲ್ಲಿಗೆ. ಆಸ್ಪತ್ರೆ ಕಟ್ಟುವುದಕ್ಕಲ್ಲ, ಬಸ್ ಚಾರ್ಜಿಗೆ, ಜೊತೆಗೆ ಹೋಗುವವನ ಒಂದು ದಿನದ ಸಂಬಳಕ್ಕೆ.

ಡಿಸೆಂಬರ್ 7 ಸೇನಾ ಧ್ವಜ ದಿನ. 1949ರಿಂದ ನಡೆದು ಬಂದಿದೆ. ಶಾಲಾ ಮಕ್ಕಳು ಸಣ್ಣ ಧ್ವಜ ತಂದರೆ ಅಂಗಡಿಯವರು ಗಲ್ಲಾದಿಂದ ಚಿಲ್ಲರೆ ತೆಗೆದು ಕೊಡುತ್ತಾರೆ, ಧ್ವಜ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸುತ್ತಾರೆ, ಮರೆಯುತ್ತಾರೆ. ಆ ನಿಧಿ ಬೇರೆ, ಅದರ ಕೆಲಸವೂ ಬೇರೆ, ಅದು ನಡೆಯಬೇಕು. ಅದಕ್ಕೆ ಮೊದಲಿನ ಒಂದು ತಿಂಗಳು ತಾಲೂಕಿನ ಮಾಜಿ ಸೈನಿಕರೂ ವರ್ತಕರೂ ಸೇರಿ ದಿನಾ ಬೆಳಿಗ್ಗೆ ಕಕ್ಕಿಂಜೆಯಿಂದ ಮುಂಡಾಜೆ ಕಡೆಗೆ ನಡೆದರೆ ಯಾರಿಗೂ ನಷ್ಟವಿಲ್ಲ. ದಿನಾ ಎಂಬುದೇ ಮುಖ್ಯ. ಒಂದು ಭಾನುವಾರ ಬ್ಯಾನರ್ ಹಿಡಿದು, ಫೋಟೋ ತೆಗೆಸಿ, ಉಪ್ಪಿಟ್ಟು ತಿಂದು ಚದುರುವ ಜಾಥಾ ಈ ರಸ್ತೆ ಬೇಕಾದಷ್ಟು ನೋಡಿದೆ. ದಿನಾ ಅದೇ ಹೊತ್ತಿಗೆ ಅದೇ ಅಂಗಡಿಯೆದುರು ಹೋಗುವವನನ್ನು ಹತ್ತನೇ ದಿನ ಅಂಗಡಿಯವರು "ಚಾ ಕುಡಿದು ಹೋಗಿ" ಎಂದು ಕರೆದೇ ಕರೆಯುತ್ತಾರೆ. ಆಗ ಮಾತು ಬರುತ್ತದೆ. ರಾತ್ರಿ ನಿದ್ರೆ ಇಲ್ಲದವನು ಬೆಳಗ್ಗಿನ ನಡಿಗೆಗೆ ಎಲ್ಲರಿಗಿಂತ ಮೊದಲೇ ಬಂದು ನಿಂತಾನು. ಯಾಕೆ ಬಂದ ಎಂದು ಯಾರಿಗೂ ಹೇಳಬೇಕಾಗಿಲ್ಲ. ಡಾಕ್ಟರ ಬಾಗಿಲಿಗೆ ಹೋಗಲು ನಾಚುವವನು ಜೊತೆಗಾರನ ಪಕ್ಕದಲ್ಲಿ ನಡೆಯಲು ನಾಚುವುದಿಲ್ಲ.

ಹಣದ ವಿಷಯದಲ್ಲಿ ಮಾತ್ರ ಕಣ್ಣು ತೆರೆದಿರಬೇಕು. ಬರ್ಮಾ ರಂಗದಲ್ಲಿ ಹೋರಾಡಿದ್ದ ಬ್ರಿಟನ್ನಿನ ಕ್ಯಾಪ್ಟನ್ ಟಾಮ್ ಮೂರ್ 2020ರ ಏಪ್ರಿಲ್‌ನಲ್ಲಿ, ನೂರು ವರ್ಷ ತುಂಬುವ ಮೊದಲು, ಊರುಗಾಡಿ ಹಿಡಿದು ಮನೆಯ ತೋಟದಲ್ಲಿ ನೂರು ಸುತ್ತು ಬಂದರು. ಬಯಸಿದ್ದು ಸಾವಿರ ಪೌಂಡು. ಬಂದದ್ದು 3 ಕೋಟಿ 20 ಲಕ್ಷ ಪೌಂಡಿಗೂ ಮೇಲೆ. ಅದೆಲ್ಲ ಅಲ್ಲಿಯ ಸರಕಾರಿ ಆಸ್ಪತ್ರೆಗಳ ಧರ್ಮನಿಧಿಗೆ ಸರಿಯಾಗಿ ಹೋಯಿತು. ಆದರೆ ಆಮೇಲೆ ಅವರ ಹೆಸರಿನಲ್ಲಿ ಶುರುವಾದ ಪ್ರತಿಷ್ಠಾನದಲ್ಲಿ ಮಗಳು ಅಳಿಯ ತಪ್ಪು ನಡೆಸಿದ್ದಾರೆಂದು 2024ರಲ್ಲಿ ಅಲ್ಲಿಯ ತಪಾಸಣಾ ಆಯೋಗವೇ ಹೇಳಿತು. ಪಾಪ, ಮುದುಕ 2021ರಲ್ಲೇ ತೀರಿಹೋಗಿದ್ದರು.

ಈಗ ಇನ್ನೊಂದು ವಿಷಯ. 2022ರಲ್ಲಿ ಬಂದ ಅಗ್ನಿಪಥದಲ್ಲಿ ಸೇರಿದವರಲ್ಲಿ ಸೇನೆಯಲ್ಲಿ ಉಳಿಯುವುದು ನಾಲ್ಕರಲ್ಲಿ ಒಂದು ಪಾಲು. ಉಳಿದವರು ನಾಲ್ಕೇ ವರ್ಷಕ್ಕೆ, ಇಪ್ಪತ್ತರ ಪ್ರಾಯದಲ್ಲೇ, ಪೆನ್ಶನ್ ಇಲ್ಲದೆ ಊರಿಗೆ ಬರುವವರು. "ಮಿಲಿಟ್ರಿಯವರಿಗೆ ಪೆನ್ಶನ್ ಉಂಟಲ್ಲ" ಎಂಬ ಮಾತು ಅವರೆದುರು ಹೇಳಲಿಕ್ಕೂ ಆಗದು.

ಆದ್ದರಿಂದ ನಡಿಗೆಗೆ ಹೊರಡುವವರು ಮೊದಲು ಡಬ್ಬಿಯ ವಿಷಯ ತೀರ್ಮಾನಿಸಲಿ. ಕೊಟ್ಟವರಿಗೆ ರಸೀದಿ ಸಿಗಲಿ. ವಾರಕ್ಕೊಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೆದುರು ಡಬ್ಬಿ ತೆರೆದು ಎಣಿಸಿ, ಲೆಕ್ಕ ಬರೆದು ಅಂಟಿಸಲಿ. ಪಕ್ಕದಲ್ಲಿ 14416 ಎಂದು ದೊಡ್ಡದಾಗಿ ಬರೆಯಲಿ. ಯಾರಿಗೆ ಕೊಟ್ಟದ್ದು ಎಂಬ ಹೆಸರು ಮಾತ್ರ ಅಂಟಿಸುವುದು ಬೇಡ. ಡಬ್ಬಿ ಒಬ್ಬರ ಅಂಗಡಿಯಲ್ಲಿರಲಿ, ಕೀಲಿಕೈ ಇನ್ನೊಬ್ಬರ ಅಂಗಡಿಯಲ್ಲಿ.