ದರ ಕಟ್ಟುವವರು ದಿಲ್ಲಿಯಲ್ಲಿ, ಬಿಲ್ಲು ಕಟ್ಟುವವರು ಹಳ್ಳಿಯಲ್ಲಿ



ತಿಂಗಳಿಗೊಮ್ಮೆ ಕರೆಂಟ್ ಬಿಲ್ಲು ಮನೆ ಬಾಗಿಲಿಗೆ ಬರುತ್ತದೆ. ಮೊತ್ತ ನೋಡಿ ನಾವು ಬೈಯುವುದು ಯಾರನ್ನು? ಮೀಟರ್ ಓದಲು ಬಂದ ಬಡಪಾಯಿ ಹುಡುಗನನ್ನು, ಬೆಸ್ಕಾಂ–ಹೆಸ್ಕಾಂ ಎಂಜಿನಿಯರನ್ನು, ಹೆಚ್ಚೆಂದರೆ ವಿಧಾನಸೌಧದಲ್ಲಿ ಕೂತ ಮಂತ್ರಿಯನ್ನು. ಆದರೆ ಆ ಬಿಲ್ಲಿನ ಒಂದು ಪಾಲು ತೀರ್ಮಾನವಾಗುವುದು ಇಲ್ಲಿ ಅಲ್ಲ. ಅದು ದಿಲ್ಲಿಯಲ್ಲಿ, ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಕಟಕಟೆಯಲ್ಲಿ ತೀರ್ಮಾನವಾಗುತ್ತದೆ.

1998ರ ಕಾಯಿದೆಯಿಂದ ಹುಟ್ಟಿದ ಆಯೋಗ ಇದು. 2003ರ ವಿದ್ಯುಚ್ಛಕ್ತಿ ಕಾಯಿದೆ ಇದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಎನ್‌ಟಿಪಿಸಿಯಂಥ ಕೇಂದ್ರ ಕಂಪನಿಗಳ ವಿದ್ಯುತ್ತಿಗೆ ಎಷ್ಟು ದರ, ರಾಜ್ಯದಿಂದ ರಾಜ್ಯಕ್ಕೆ ಹೋಗುವ ಲೈನುಗಳಿಗೆ ಎಷ್ಟು ಬಾಡಿಗೆ, ವಿದ್ಯುತ್ ವಿನಿಮಯ ಕೇಂದ್ರದಲ್ಲಿ ವ್ಯಾಪಾರ ಹೇಗೆ ನಡೆಯಬೇಕು, ಎಲ್ಲವೂ ಇದರ ಕೈಯಲ್ಲಿದೆ. ಅಲ್ಲಿ ನಿಗದಿಯಾದ ದರವನ್ನು ನಮ್ಮ ರಾಜ್ಯದ ಆಯೋಗ ತಿದ್ದುವಂತಿಲ್ಲ. ಖರೀದಿ ವೆಚ್ಚ ಎಂದು ಒಪ್ಪಿಕೊಂಡು ನಮ್ಮ ಬಿಲ್ಲಿಗೆ ಇಳಿಸಬೇಕು, ಅಷ್ಟೆ.

ಮುಂದಿನ ಕೆಲವು ವರ್ಷಗಳಲ್ಲಿ ಈ ಆಯೋಗ ಯಾವುದಕ್ಕೆ ಮೊದಲ ಮಣೆ ಹಾಕಬೇಕು? ನಮ್ಮ ಕಡೆಯಿಂದ ನಾಲ್ಕು ಮಾತು.

ಒಂದು, ಲಾಭದ ಲೆಕ್ಕ. 2024ರ ಏಪ್ರಿಲ್ 1ರಿಂದ 2029ರ ಮಾರ್ಚ್ 31ರವರೆಗಿನ ದರ ನಿಯಮ ಜಾರಿಯಲ್ಲಿದೆ. ಅದರ ಪ್ರಕಾರ ಶಾಖೋತ್ಪನ್ನ ಸ್ಥಾವರದ ಬಂಡವಾಳಕ್ಕೆ ವರ್ಷಕ್ಕೆ ಶೇ. 15.5ರಷ್ಟು ಲಾಭ, ಅದೂ ತೆರಿಗೆ ಕಳೆದು. ನೂರು ಕೋಟಿಯ ಯೋಜನೆಯಲ್ಲಿ ಎಪ್ಪತ್ತು ಕೋಟಿ ಸಾಲ, ಮೂವತ್ತು ಕೋಟಿ ಸ್ವಂತ ಬಂಡವಾಳ ಎಂದಿಟ್ಟುಕೊಳ್ಳಿ. ಆ ಮೂವತ್ತು ಕೋಟಿಗೆ ವರ್ಷಕ್ಕೆ 4 ಕೋಟಿ 65 ಲಕ್ಷ. ಮಳೆ ನಂಬಿ ಬಿತ್ತುವ ರೈತನಿಗೆ ಇಂಥ ಖಾತ್ರಿಯನ್ನು ಯಾವ ಆಯೋಗ ಕೊಟ್ಟಿದೆ? ಬಂಡವಾಳ ಹಾಕಿದವನಿಗೆ ನ್ಯಾಯವಾದ ಪ್ರತಿಫಲ ಬೇಕು, ಒಪ್ಪೋಣ. ಆದರೆ ಹೆಚ್ಚಿನ ಅಪಾಯವಿಲ್ಲದ ವ್ಯಾಪಾರಕ್ಕೆ ಇಷ್ಟು ಲಾಭ ಏಕೆ ಎಂಬ ಪ್ರಶ್ನೆಗೆ 2029ರ ಮೊದಲೇ ಉತ್ತರ ಸಿಗಬೇಕು.

ಎರಡು, ಲೈನಿನ ಖರ್ಚು. 2025ರ ಜೂನ್ 30ರೊಳಗೆ ಉತ್ಪಾದನೆ ಆರಂಭಿಸಿದ ಸೌರ ಮತ್ತು ಪವನ ಸ್ಥಾವರಗಳ ವಿದ್ಯುತ್ತಿಗೆ ಅಂತರರಾಜ್ಯ ಪ್ರಸರಣ ಶುಲ್ಕದಲ್ಲಿ ಪೂರ್ತಿ ವಿನಾಯಿತಿ ಕೊಡಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಕಂಬ ನೆಟ್ಟ, ತಂತಿ ಎಳೆದ ಖರ್ಚು ಗಾಳಿಗೆ ಹಾರಿ ಹೋಯಿತೇ? ಇಲ್ಲ, ಉಳಿದ ಬಳಕೆದಾರರ ತಲೆಗೆ ಹಂಚಿತು. ಯಾವ ರಾಜ್ಯದ ಪಾಲಿಗೆ ಎಷ್ಟು ಹೊರೆ ಬಿತ್ತು ಎಂಬುದನ್ನು ಆಯೋಗ ಪ್ರತಿ ವರ್ಷ ಸಾಮಾನ್ಯನಿಗೆ ತಿಳಿಯುವಂತೆ ಹೇಳಬೇಕು.

ಮೂರು, ಸಂಜೆಯ ಕೊರತೆ. ಪಾವಗಡದಲ್ಲಿ ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆ ಮೇಲೆ 2,050 ಮೆಗಾವ್ಯಾಟ್ ಸೌರ ವಿದ್ಯುತ್ ಹುಟ್ಟುತ್ತದೆ. ಆದರೆ ಸೂರ್ಯ ಮುಳುಗಿದ ಮೇಲೆ? ಊರೆಲ್ಲ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ವಿನಿಮಯ ಕೇಂದ್ರದಲ್ಲಿ ಬೆಲೆ ಏರುತ್ತದೆ. 2022ರ ಮಾರ್ಚ್‌ನಲ್ಲಿ ಯೂನಿಟ್ಟಿಗೆ 20 ರೂಪಾಯಿವರೆಗೆ ಹೋಗಿತ್ತು. ಆಗ ಎಚ್ಚೆತ್ತ ಆಯೋಗ ಏಪ್ರಿಲ್‌ನಲ್ಲಿ 12 ರೂಪಾಯಿ ಮಿತಿ ಹಾಕಿತು, 2023ರಲ್ಲಿ ಅದನ್ನು 10ಕ್ಕೆ ಇಳಿಸಿತು. ಮಿತಿ ಹಾಕಿದರೆ ಬೆಲೆ ನಿಲ್ಲುತ್ತದೆ, ಕೊರತೆ ನೀಗುವುದಿಲ್ಲ. ಹಗಲಿನ ವಿದ್ಯುತ್ತನ್ನು ಸಂಜೆಗೆ ಕೂಡಿಡುವ ಬ್ಯಾಟರಿಗೆ ಸರಿಯಾದ ದರ ನಿಯಮ ಬೇಕು. ಇಲ್ಲದಿದ್ದರೆ ಸಂಗ್ರಹದ ಹೆಸರಿನಲ್ಲಿ ಪ್ರತಿ ಸಲವೂ ಶರಾವತಿ ಕಣಿವೆಯಂಥ ಕಾಡಿನ ಮೇಲೆಯೇ ಕಣ್ಣು ಬೀಳುತ್ತದೆ. ಲಿಂಗನಮಕ್ಕಿಗಾಗಿ ಮನೆಮಠ ಬಿಟ್ಟವರ ಭೂಮಿಯ ಹಕ್ಕಿನ ಗೋಳೇ ಇನ್ನೂ ಮುಗಿದಿಲ್ಲ!

ನಾಲ್ಕು, ಭಾಷೆ. ಇದು ಕೊನೆಯಲ್ಲಿ ಬಂದರೂ ಕಡೆಯ ಮಾತಲ್ಲ, ಮೇಲಿನ ಮೂರಕ್ಕೂ ಬೀಗದ ಕೈ. ದರದ ಅರ್ಜಿ ಬಂದಾಗ ಸಾರ್ವಜನಿಕರ ಸಲಹೆ, ಆಕ್ಷೇಪಣೆ ಪರಿಶೀಲಿಸಿಯೇ ಆದೇಶ ಮಾಡಬೇಕೆಂದು ಕಾಯಿದೆಯ 64ನೇ ಕಲಂ ಹೇಳುತ್ತದೆ. ಕೆಲಸದಲ್ಲಿ ಪಾರದರ್ಶಕತೆ ಇರಬೇಕೆಂದು 79ನೇ ಕಲಂ ಹೇಳುತ್ತದೆ. ಬಳಕೆದಾರರ ಪರ ವಾದಿಸಲು ಪ್ರತಿನಿಧಿಯನ್ನು ನೇಮಿಸಲು 94ನೇ ಕಲಂ ಅವಕಾಶ ಕೊಡುತ್ತದೆ. ಕಾಗದದ ಮೇಲೆ ಎಲ್ಲ ಇದೆ. ಆದರೆ ಕಲಾಪ ನಡೆಯುವುದು ಇಂಗ್ಲಿಷಿನಲ್ಲಿ, ಇಲ್ಲವೇ ಹಿಂದಿಯಲ್ಲಿ. ಸಿಂಧನೂರಿನ ರೈಸ್‌ಮಿಲ್ ಮಾಲೀಕ, ಇಳಕಲ್ಲಿನ ನೇಕಾರ ನೂರಾರು ಪುಟದ ಇಂಗ್ಲಿಷ್ ಕರಡು ಓದಿ ಯಾವಾಗ ಆಕ್ಷೇಪಣೆ ಬರೆಯಬೇಕು? ನಮ್ಮ ರಾಜ್ಯ ಆಯೋಗದ ವಿಚಾರಣೆಯಲ್ಲಿ ರೈತರು ಎದ್ದು ನಿಂತು ಕನ್ನಡದಲ್ಲೇ ಜಾಡಿಸುತ್ತಾರೆ. ದಿಲ್ಲಿಯಲ್ಲಿ ಕಂಪನಿಗಳ ವಕೀಲರ ದನಿಯಷ್ಟೇ ಕೇಳಿಸಿದರೆ ತೀರ್ಪು ಯಾರ ಕಡೆ ವಾಲೀತು?

ವಿದ್ಯುತ್ ತಜ್ಞರ ವಿಷಯ, ಇದಕ್ಕೆ ಭಾಷೆಯ ತಕರಾರು ಏಕೆ ಎನ್ನುವವರಿದ್ದಾರೆ. ತಂತಿ ಎಳೆಯುವುದು ತಜ್ಞರ ವಿಷಯ, ನಿಜ. ದುಡ್ಡು ಕೊಡುವುದು ಮಾತ್ರ ನಮ್ಮ ವಿಷಯ. ಪ್ರತಿ ಕರಡಿನ ಸಾರಾಂಶ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲೂ ಬರಲಿ. ಕನ್ನಡದಲ್ಲಿ ಬರೆದ ಆಕ್ಷೇಪಣೆಯನ್ನು ಅನುವಾದಿಸಿಕೊಳ್ಳುವ ಹೊಣೆ ಆಯೋಗದ್ದೇ ಆಗಲಿ. ಇದನ್ನು ತಮಿಳರಿಗೂ, ಬಂಗಾಳಿಗಳಿಗೂ, ಒಡಿಯಾದವರಿಗೂ ಸೇರಿಸಿಯೇ ಕೇಳುತ್ತಿದ್ದೇವೆ.

ನಾವು ದೇಶದ ಗ್ರಿಡ್ ಕತ್ತರಿಸಿ ಎನ್ನುತ್ತಿಲ್ಲ. 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ಡು ದೇಶದ ಗ್ರಿಡ್ಡಿಗೆ ಬೆಸೆದದ್ದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ ಲೈನಿನಿಂದಲೇ. 2023ರ ಬರದಲ್ಲಿ ಪಂಜಾಬ್ ಮತ್ತು ಉತ್ತರ ಪ್ರದೇಶದ ವಿದ್ಯುತ್ತು ನಮ್ಮ ಕೈ ಹಿಡಿಯಿತು. ತಂತಿ ಎಲ್ಲರನ್ನೂ ಕೂಡಿಸಿದೆ. ಹಾಗಾದರೆ ಮಾತೂ ಎಲ್ಲರದ್ದೂ ಕೇಳಿಸಬೇಕು.

2029ರ ಏಪ್ರಿಲ್‌ನಿಂದ ಹೊಸ ಐದು ವರ್ಷದ ನಿಯಮ ಬರಬೇಕು, ಅದರ ಕರಡು ಅದಕ್ಕೂ ಮೊದಲೇ ಹೊರಬೀಳುತ್ತದೆ. ರೈತ ಸಂಘ, ಬಳಕೆದಾರರ ವೇದಿಕೆ, ಸಣ್ಣ ಕೈಗಾರಿಕೆಯವರು, ಕನ್ನಡ ಸಂಘಟನೆಗಳು ಈಗಿನಿಂದಲೇ ಒಟ್ಟಿಗೆ ಕೂರಲಿ. ಬಿಲ್ಲು ಬಂದ ಮೇಲೆ ಬೈಯುವುದನ್ನು ಬಿಟ್ಟು, ಕರಡು ಬಂದ ದಿನವೇ ಕನ್ನಡದಲ್ಲಿ ಆಕ್ಷೇಪಣೆ ಬರೆದು ಕಳಿಸೋಣ. ಒಂದಲ್ಲ, ಸಾವಿರ!